ಮಂಗಳವಾರದಕ್ಕನ ನಾಲ್ಕು ನಿಮಿಷ

ಬೆಳಗಿನ ಐದು ಗಂಟೆ ಹತ್ತು ನಿಮಿಷ. ನೀರು ಶುದ್ಧೀಕರಣ ಘಟಕದ ನಿಯಂತ್ರಣ ಕೊಠಡಿಯಲ್ಲಿ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ, ಇನ್ನೊಂದು ಉರಿಯಲೋ ಬೇಡವೋ ಎಂದು ಮಿಣುಕುತ್ತಿದೆ. ಕಿಟಕಿಯಾಚೆ ಸಾಲಾಗಿ ಮಲಗಿರುವ ಆರು ದೊಡ್ಡ ತೊಟ್ಟಿಗಳ ಮೇಲೆ ಇನ್ನೂ ಬೆಳಕು ಬಿದ್ದಿಲ್ಲ. ನಲವತ್ತಾರರ ಹೆಂಗಸೊಬ್ಬರು ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಬಂದು, ಸೆರಗಿಗೆ ಕೈ ಒರೆಸಿಕೊಂಡು, ಮೂಲೆಯ ಕಬ್ಬಿಣದ ಮೇಜಿನ ಮುಂದೆ ಕೂರುತ್ತಾರೆ. ಮೇಜಿನ ಮೇಲೆ ಹಳದಿಗಟ್ಟಿದ ಕಂಪ್ಯೂಟರ್. ಪಕ್ಕದಲ್ಲಿ ಉದ್ದನೆಯ ನೋಟ್‌ಬುಕ್ಕು. ಅದರಲ್ಲಿ ತಾರೀಕು ಬರೆದು, ಗಡಿಯಾರ ನೋಡಿ, ಒಂದು ಗುಂಡಿ ಒತ್ತುತ್ತಾರೆ.

ಪರದೆ ಕಪ್ಪಾಗುತ್ತದೆ.

ಇವರ ಎಡ ಅಂಗೈ ಕಂಪ್ಯೂಟರಿನ ಪೆಟ್ಟಿಗೆಯ ಮೇಲಿದೆ. ಫ್ಯಾನು ತಿರುಗಲು ಶುರುವಾದರೆ ಅದರ ನಡುಕ ಮೊದಲು ಗೊತ್ತಾಗುವುದು ಅಂಗೈಗೆ, ಆಮೇಲೆ ಕಿವಿಗೆ. ನಡುಕ ಬರುತ್ತದೆ. ಒಂದು ಬೀಪ್. ಒಂದೇ ಬೀಪ್ ಬಂದರೆ ಕ್ಷೇಮ, ಮೂರು ಬಂದರೆ ಗಂಡಾಂತರ. ಆಮೇಲೆ ಬಿಳಿ ಅಕ್ಷರಗಳ ಸಾಲು ಒಂದೊಂದೇ ಮೇಲೇರುತ್ತದೆ. ಎರಡನೆಯ ನಿಮಿಷ. ಮೂರನೆಯ ನಿಮಿಷ. ಕೊಠಡಿಯಲ್ಲಿರುವ ಪಾಳಿಯ ಆಪರೇಟರ್ ಕೂಡ ಕುರ್ಚಿಯಿಂದ ಎದ್ದು ನಿಂತಿದ್ದಾನೆ. ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡಿಗೆ ಪರದೆಯಲ್ಲಿ ಕವಾಟಗಳ ಚಿತ್ರ ಮೂಡಿ, ಕೆಳಗೆ ಒಂದು ಅಂಕಿ ಅಲುಗಾಡತೊಡಗುತ್ತದೆ. ಇವರು ಕೈ ತೆಗೆಯುತ್ತಾರೆ. ಪೆಟ್ಟಿಗೆಯ ಮೇಲೆ ಬೆವರಿನ ಅಚ್ಚು ಐದೂ ಬೆರಳಿನದು.

“ಇಷ್ಟು ವರ್ಷ ಆಯ್ತಲ್ಲ, ಅಭ್ಯಾಸ ಆಗಿರಬೇಕು ಅಂತಾರೆ. ಆಗಲ್ಲ. ಪ್ರತಿ ಸಲವೂ ಮೊದಲನೇ ಸಲದ ಹಾಗೇ ಇರುತ್ತೆ” ಎನ್ನುತ್ತಾರೆ.

ಘಟಕದಲ್ಲಿ ಇವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಕಾವಲುಗಾರನಿಂದ ಹಿಡಿದು ಎಂಜಿನಿಯರ್ ತನಕ ಎಲ್ಲರಿಗೂ ಇವರು ಮಂಗಳವಾರದಕ್ಕ. ಕಾರಣ ಇಷ್ಟೇ. ಈ ಕಂಪ್ಯೂಟರಿನ ತಂತ್ರಾಂಶಕ್ಕೆ ಒಂದು ರೋಗವಿದೆ. ಓಡುತ್ತಾ ಓಡುತ್ತಾ ಅದು ಮೆಮೊರಿಯನ್ನೆಲ್ಲ ತಿಂದು ತೇಗುತ್ತದೆ, ಒಮ್ಮೆ ತೆಗೆದುಕೊಂಡ ಜಾಗವನ್ನು ಬಿಟ್ಟುಕೊಡುವುದಿಲ್ಲ. ಎಂಟು ದಿನ ಬಿಟ್ಟರೆ ಒಂಬತ್ತನೆಯ ದಿನ ಸ್ತಬ್ಧ. ಆದ್ದರಿಂದ ವಾರಕ್ಕೊಮ್ಮೆ, ಊರಲ್ಲಿ ನೀರಿನ ಬಳಕೆ ತೀರಾ ಕಡಿಮೆ ಇರುವ ಹೊತ್ತಿನಲ್ಲಿ, ಅದನ್ನು ನಿಲ್ಲಿಸಿ ಮತ್ತೆ ಶುರುಮಾಡಬೇಕು. ಇವರ ನೋಟ್‌ಬುಕ್ಕಿನ ಪ್ರಕಾರ ಇವತ್ತಿನದು ಐನೂರ ಎಪ್ಪತ್ತೆರಡನೆಯ ಮಂಗಳವಾರ.

ಆ ನಾಲ್ಕು ನಿಮಿಷ ಮೂರು ಲಕ್ಷ ಜನ ಕುಡಿಯುವ ನೀರಿಗೆ ಕಣ್ಣಿಲ್ಲ. ನೀರಿಗೆ ಎಷ್ಟು ಕ್ಲೋರಿನ್ ಸೇರಬೇಕು ಎಂದು ಕ್ಷಣಕ್ಷಣಕ್ಕೂ ಅಳೆದು, ಕವಾಟಗಳನ್ನು ಕೂದಲೆಳೆಯಷ್ಟು ತೆರೆದು ಮುಚ್ಚುವುದು ಈ ಪೆಟ್ಟಿಗೆಯೇ. ಕಡಿಮೆಯಾದರೆ ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ಮಲಗಬೇಕು. ಹೆಚ್ಚಾದರೆ ಗಂಟಲು, ಕಣ್ಣು ಉರಿ. ಒಂದು ಸಿಲಿಂಡರ್ ಖಾಲಿಯಾದಾಗ ಇನ್ನೊಂದಕ್ಕೆ ಬದಲಾಯಿಸುವುದೂ ಇದೇ. ಪೆಟ್ಟಿಗೆಗೆ ಹದಿನೇಳು ವರ್ಷ.

* * *

ಮಂಗಳವಾರದಕ್ಕ ಕಂಪ್ಯೂಟರ್ ಓದಿ ಬಂದವರಲ್ಲ. ಇಪ್ಪತ್ತೆರಡನೆಯ ವಯಸ್ಸಿಗೆ ಘಟಕದ ಕಚೇರಿಯಲ್ಲಿ ಪತ್ರ ಟೈಪ್ ಮಾಡಲು ಸೇರಿದರು. ತಾಯಿ ತೀರಿಕೊಂಡಾಗ ಇವರಿಗೆ ಐದು ವರ್ಷ. ಸಾಕಿದವರು ಚಿಕ್ಕಮ್ಮ. ಆ ಚಿಕ್ಕಮ್ಮ ಇದೇ ಘಟಕದ ಪ್ರಯೋಗಾಲಯದಲ್ಲಿ ಗಾಜಿನ ನಳಿಗೆಗಳನ್ನು ತೊಳೆಯುವ ಕೆಲಸದಲ್ಲಿದ್ದರು. ಶಾಲೆ ಬಿಟ್ಟ ಮೇಲೆ ಹುಡುಗಿ ಅಲ್ಲೇ ಬಂದು ಸ್ಟೂಲಿನ ಮೇಲೆ ಕೂತು ಪಾಠ ಬರೆಯುತ್ತಿದ್ದಳು.

“ನನಗೆ ಅಕ್ಷರ ಬಂದಿದ್ದೂ ಅಲ್ಲೇ, ಭಯ ಬಂದಿದ್ದೂ ಅಲ್ಲೇ. ಸಿಲಿಂಡರ್ ಕೋಣೆ ಹತ್ತಿರ ಹೋದ್ರೆ ಚಿಕ್ಕಮ್ಮ ಕಿವಿ ಹಿಂಡೋರು. ಅಲ್ಲಿರೋದು ನಿಮ್ಮಪ್ಪ ಅಲ್ಲ, ಮುದ್ದು ಮಾಡಲ್ಲ ಅನ್ನೋರು” ಎಂದು ನಗುತ್ತಾರೆ.

ಕಚೇರಿಯ ಕಂಪ್ಯೂಟರ್‌ಗಳು ಕೆಟ್ಟಾಗ ರಿಪೇರಿಯವರು ಬರುವುದು ವಾರದ ಮೇಲೆ. ಬಂದವರ ಹಿಂದೆ ನಿಂತು ನೋಡಿ, ಅವರು ಬಿಸಾಡಿ ಹೋದ ಬಿಡಿಭಾಗಗಳನ್ನು ಒರೆಸಿಟ್ಟುಕೊಂಡು, ಬೆಸುಗೆ ಹಾಕುವುದನ್ನು ರೇಡಿಯೊ ರಿಪೇರಿಯವರ ಅಂಗಡಿಯಲ್ಲಿ ಕಲಿತು, ಐದಾರು ವರ್ಷಗಳಲ್ಲಿ ಇವರೇ ರಿಪೇರಿಯವರಾದರು. ಹುದ್ದೆಯ ಹೆಸರು ಮಾತ್ರ ಇಂದಿಗೂ ಬೆರಳಚ್ಚುಗಾರ್ತಿ. ಬೆಸುಗೆಯ ಕಡ್ಡಿ ತಗುಲಿದ ಕಲೆಗಳು ಬಲಗೈ ಬೆರಳುಗಳ ತುಂಬ ಇವೆ. ಬೀಗ ರಿಪೇರಿ ಮಾಡುವ ಗಂಡ ಹೇಳುವಂತೆ, “ನಮ್ಮ ಮನೇಲಿ ನೆಟ್ಟಗಿರೋ ಬೆರಳು ಇಬ್ಬರದೂ ಸೇರಿ ಹನ್ನೊಂದು.”

ಹನ್ನೊಂದು ವರ್ಷಗಳ ಹಿಂದೆ ಕ್ಲೋರಿನ್ ಪೆಟ್ಟಿಗೆಯ ಉಸ್ತುವಾರಿ ಇವರಿಗೆ ಬಂತು. ಬಂತು ಅನ್ನುವುದಕ್ಕಿಂತ, ಬೇರೆ ಯಾರೂ ಕೈ ಚಾಚಲಿಲ್ಲ ಅನ್ನಬೇಕು. ಅಂದಿನಿಂದ ಅದರ ಹೊಟ್ಟೆಯಲ್ಲಿ ಇವರು ಬದಲಿಸದೆ ಉಳಿಸಿದ ಭಾಗಗಳು ಕಡಿಮೆ. ಹಾರ್ಡ್‌ಡಿಸ್ಕ್ ಮೂರು ಸಲ, ಪವರ್ ಸಪ್ಲೈ ನಾಲ್ಕು ಸಲ, ಫ್ಯಾನು ಲೆಕ್ಕವಿಲ್ಲ. ಮದರ್‌ಬೋರ್ಡಿನ ಮೇಲೆ ಕೆಡುವ ಸೂಚನೆಯಾಗಿ ಉಬ್ಬಿಕೊಂಡ ಪುಟ್ಟ ಡಬ್ಬಿಯಂಥ ಕೆಪಾಸಿಟರ್‌ಗಳನ್ನು ಒಂದೊಂದಾಗಿ ಕಿತ್ತು ಹೊಸದನ್ನು ಬೆಸೆದಿದ್ದಾರೆ. ಮೆಮೊರಿ ಅರ್ಧ ಜಿಬಿ ಇದ್ದದ್ದು ಒಂದಾಯಿತು, ಒಂದಿದ್ದದ್ದು ಎರಡಾಯಿತು. ವಾರಕ್ಕೆರಡು ಸಲ ನಿಲ್ಲಿಸಬೇಕಿದ್ದ ಯಂತ್ರ ವಾರಕ್ಕೊಮ್ಮೆಗೆ ಬಂದದ್ದು ಹಾಗೆ.

ನಾಲ್ಕಕ್ಕೆ ಏರಿಸಲು ಹೋದ ದಿನವನ್ನು ಇವರು ಮರೆತಿಲ್ಲ. ಹೊಸ ಮೆಮೊರಿ ಕೂರಿಸಿ ಗುಂಡಿ ಒತ್ತಿದರೆ ಮೂರು ಬೀಪ್. ತೆಗೆದು ಮತ್ತೆ ಕೂರಿಸಿದರೂ ಮೂರು ಬೀಪ್. “ಹಳೇದನ್ನೇ ಹಾಕಿದ ಮೇಲೆ ಓಡ್ತು. ಆದ್ರೆ ಅವತ್ತು ಗೊತ್ತಾಯ್ತು, ಇದು ಇಷ್ಟೇ. ಆ ಬೋರ್ಡು ಎರಡಕ್ಕಿಂತ ಹೆಚ್ಚು ಎಣಿಸೋದೇ ಇಲ್ಲ. ನಾನು ಇಷ್ಟು ದಿನ ಮೆಟ್ಟಿಲು ಹತ್ತಿಸ್ತಾ ಇದ್ದೆ, ಮೇಲೆ ಇನ್ನು ಮೆಟ್ಟಿಲೇ ಇಲ್ಲ.”

ಬೋರ್ಡನ್ನೇ ಬದಲಿಸಿದರಾಯಿತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಅದಕ್ಕೆ ಇವರು ಪೆಟ್ಟಿಗೆಯ ಪಕ್ಕದ ಮುಚ್ಚಳ ತೆಗೆದು, ಗೇಣುದ್ದದ ಹಸಿರು ಕಾರ್ಡೊಂದನ್ನು ಟಾರ್ಚ್ ಹಿಡಿದು ತೋರಿಸುತ್ತಾರೆ. ಕಂಪ್ಯೂಟರಿನ ಮಾತನ್ನು ಕವಾಟಗಳಿಗೆ ಮುಟ್ಟಿಸುವ ಕಾರ್ಡ್ ಅದು. ಅದು ಕೂರುವ ಉದ್ದನೆಯ ಕಿಂಡಿ ಹಳೆಯ ಬೋರ್ಡುಗಳಲ್ಲಿ ಮಾತ್ರ ಇದೆ, ಹೊಸ ಬೋರ್ಡುಗಳಲ್ಲಿ ಇಲ್ಲ. ಕಾರ್ಡ್ ಮಾಡುತ್ತಿದ್ದವರು ಬಾಗಿಲು ಹಾಕಿ ಒಂಬತ್ತು ವರ್ಷವಾಯಿತು. ಸಡಿಲವಾಗಿದ್ದ ಅದನ್ನು ಗಟ್ಟಿಯಾಗಿ ಹಿಡಿದಿರುವುದು ಗಂಡ ಮಾಡಿಕೊಟ್ಟ ಹಿತ್ತಾಳೆಯ ಕೊಂಡಿ.

* * *

ಮೂರು ವರ್ಷಗಳ ಹಿಂದೆ ಕೇಂದ್ರ ಕಚೇರಿಯಿಂದ ಒಂದು ಸುತ್ತೋಲೆ ಬಂತು. ಯಂತ್ರಗಳಲ್ಲಿರುವ ಹಳೆಯ ಆಪರೇಟಿಂಗ್ ಸಿಸ್ಟಮ್‌ಗೆ ಅದನ್ನು ಮಾಡಿದವರಿಂದ ಇನ್ನು ಮುಂದೆ ರಕ್ಷಣೆ ಸಿಗುವುದಿಲ್ಲ. ಹೊರಗಿನವರು ನುಗ್ಗುವ ಕಳ್ಳದಾರಿಗಳು ಕಂಡುಬಂದರೆ ಮುಚ್ಚಿಕೊಡುವವರಿಲ್ಲ. ಹೊಸದೊಂದು ಬರಲಿದೆ, ಬಂದ ಕೂಡಲೇ ಎಲ್ಲ ಯಂತ್ರಗಳಿಗೂ ಅದನ್ನೇ ಹಾಕತಕ್ಕದ್ದು.

ಮಂಗಳವಾರದಕ್ಕನಿಗೆ ಮೊದಲು ಆದದ್ದು ಸಂತೋಷ. ಹೊಸದು ಬಂದರೆ ಮೆಮೊರಿ ನುಂಗುವ ರೋಗ ಹೋದೀತು, ಮಂಗಳವಾರದ ಮುಂಜಾವಿನ ಭಯ ತಪ್ಪೀತು ಎಂಬ ಆಸೆ. ಬೆಳಿಗ್ಗೆ ಬಸ್ಸಿನಲ್ಲಿ ಕೂತು ಫೋನಿನಲ್ಲಿ ಅದರ ಸುದ್ದಿ ಓದುವುದೇ ಕೆಲಸವಾಯಿತು. ವರ್ಷದ ಮಧ್ಯಕ್ಕೆ ಅಂದದ್ದು ವರ್ಷದ ಕೊನೆಗೆ ಹೋಯಿತು, ಅಲ್ಲಿಂದ ಮರುವರ್ಷಕ್ಕೆ. ದಿನಾಂಕ ಮುಂದೆ ಹೋದಂತೆಲ್ಲ ಅದಕ್ಕೆ ಬೇಕಾದ ಯಂತ್ರದ ಪಟ್ಟಿಯೂ ಬೆಳೆಯಿತು. ಮೊದಲು ಎರಡು ಜಿಬಿ ಸಾಕು ಅಂದರು. ಆಮೇಲೆ ನಾಲ್ಕು. ಆಮೇಲೆ ಇಂತಿಂಥ ಪ್ರೊಸೆಸರ್ ಇದ್ದರೆ ಮಾತ್ರ ಎಂದರು. ಪರೀಕ್ಷಿಸಿ ನೋಡುವ ಸಣ್ಣ ತಂತ್ರಾಂಶವೊಂದನ್ನು ಇವರು ತಂದು ಓಡಿಸಿದಾಗ ಪರದೆಯ ಮೇಲೆ ಒಂದೇ ಸಾಲು ಬಂತು. ಈ ಯಂತ್ರ ಅರ್ಹವಲ್ಲ.

“ಮೈಗೆ ತಕ್ಕ ಹಾಗೆ ಬಟ್ಟೆ ಹೊಲೀಬೇಕು ಅಲ್ವಾ? ಇವರು ಬಟ್ಟೆ ಹೊಲಿದಿಟ್ಟು, ಅದಕ್ಕೆ ತಕ್ಕ ಹಾಗೆ ಬೆಳ್ಕೊಂಡು ಬನ್ನಿ ಅಂದ್ರು.”

ಕಾರ್ಡಿನ ತೊಡಕನ್ನು ಇವರು ಎರಡು ಪುಟ ಬರೆದು ಕೇಂದ್ರ ಕಚೇರಿಗೆ ಕಳಿಸಿದರು. ಉತ್ತರ ಬರಲಿಲ್ಲ. ಅಲ್ಲಿ ಕಂಪ್ಯೂಟರುಗಳ ಉಸ್ತುವಾರಿ ನೋಡುವ ಸಿಸ್ಟಮ್ ಅಧಿಕಾರಿಯೇ ಬಂದರು. ಅವರು ಕೆಟ್ಟವರಲ್ಲ ಎಂದು ಮಂಗಳವಾರದಕ್ಕ ಎರಡೆರಡು ಸಲ ಹೇಳುತ್ತಾರೆ. ಅವರದೂ ಒಂದು ಭಯವಿತ್ತು. ಬೇರೊಂದು ಊರಿನ ಕಚೇರಿಯ ಯಂತ್ರಗಳಿಗೆಲ್ಲ ಯಾರೋ ದೂರದಲ್ಲಿ ಕೂತು ಒಂದೇ ಬೆಳಿಗ್ಗೆ ಬೀಗ ಹಾಕಿದ್ದರು. ಅಂಥದ್ದು ಕ್ಲೋರಿನ್ ಕವಾಟಗಳಿಗೆ ಆದರೆ ಗತಿಯೇನು ಎಂದು ಅವರಿಗೆ ನಿದ್ದೆ ಇರಲಿಲ್ಲ.

“ನೋಡಿ ಮೇಡಂ, ಹಳೇದು ಕೈ ಕೊಡೋದು ಗ್ಯಾರಂಟಿ. ಯಾವಾಗ ಅನ್ನೋದಷ್ಟೇ ಪ್ರಶ್ನೆ” ಎಂದರು ಅಧಿಕಾರಿ.

“ಸರ್, ಹಳೇದು ಕೈ ಕೊಡೋ ಮುಂಚೆ ಬೀಪ್ ಮಾಡಿ ಹೇಳುತ್ತೆ. ಹೊಸದು ಹೇಗೆ ಹೇಳುತ್ತೆ ಅಂತ ನಮಗೆ ಗೊತ್ತಿಲ್ಲ” ಎಂದರು ಇವರು.

ಹಳೆಯ ಕಾರ್ಡನ್ನು ಹೊಸ ಬೋರ್ಡಿಗೆ ಸಿಕ್ಕಿಸುವ ಅಡಾಪ್ಟರ್ ಒಂದನ್ನು ಅಧಿಕಾರಿ ಎಲ್ಲಿಂದಲೋ ತರಿಸಿದ್ದರು. ಅಷ್ಟರಲ್ಲಿ ಎಲ್ಲರನ್ನೂ ಕಾಯಿಸಿ ಸುಸ್ತು ಮಾಡಿದ್ದ ಹೊಸ ಸಿಸ್ಟಮ್ ಕೂಡ ಕೊನೆಗೂ ಬಂತು. ಒಂದು ಭಾನುವಾರ ಪ್ರಯೋಗ ಮಾಡಿ ನೋಡುವುದೆಂದು ತೀರ್ಮಾನವಾಯಿತು.

* * *

ಆ ಭಾನುವಾರ, ಮೊದಲೇ ಸಾರಿ ಊರಿಗೆ ನೀರು ನಿಲ್ಲಿಸಿ, ಬೆಳಿಗ್ಗೆ ಹತ್ತಕ್ಕೆ ಶುರುಮಾಡಿ ಹನ್ನೆರಡಕ್ಕೆ ಮುಗಿಸಿದರು. ಹೊಸ ಬೋರ್ಡು, ಹೊಸ ಮೆಮೊರಿ, ಅಡಾಪ್ಟರಿನ ಮೇಲೆ ಹಳೆಯ ಕಾರ್ಡ್. ಪರದೆ ಬಣ್ಣಬಣ್ಣವಾಗಿ ತೆರೆದುಕೊಂಡಿತು. ನಾಲ್ಕು ನಿಮಿಷ ಬೇಕಿದ್ದ ಕೆಲಸ ಮೂವತ್ತು ಸೆಕೆಂಡಿಗೆ ಆಯಿತು. ಅಧಿಕಾರಿ ಫೋಟೊ ತೆಗೆದುಕೊಂಡರು. ನೀರಿನಲ್ಲಿ ಉಳಿದ ಕ್ಲೋರಿನ್ನಿನ ಅಂಕಿ 0.9ರ ಆಸುಪಾಸಿನಲ್ಲಿ ಓಡಾಡುತ್ತಿತ್ತು. ಎಲ್ಲವೂ ಸರಿ.

“ನಾನೂ ಖುಷಿಪಟ್ಟೆ. ಅದನ್ನ ಮುಚ್ಚಿಡಲ್ಲ” ಎನ್ನುವಾಗ ಮಂಗಳವಾರದಕ್ಕನ ದನಿ ತಗ್ಗುತ್ತದೆ. “ಒಂದೂವರೆ ತನಕ ಎದುರಿಗೇ ಕೂತಿದ್ದೆ. ಆಮೇಲೆ ಮನೆಗೆ ಹೋಗಿ ಹೊಟ್ಟೆ ತುಂಬ ಊಟ ಮಾಡಿ ಮಲಗಿದೆ. ಅಷ್ಟು ಒಳ್ಳೆ ನಿದ್ದೆ ಎಷ್ಟೋ ವರ್ಷದಿಂದ ಬಂದಿರಲಿಲ್ಲ.”

ಎಬ್ಬಿಸಿದವರು ಚಿಕ್ಕಮ್ಮ. ಅವರಿಗೀಗ ಎಪ್ಪತ್ತೊಂದು. ಸಂಜೆ ನಾಲ್ಕೂವರೆಗೆ ಟೀಗೆ ಇಡಲೆಂದು ನಲ್ಲಿಯಿಂದ ನೀರು ಹಿಡಿದವರು, ಪಾತ್ರೆಯನ್ನು ಒಲೆಯ ಮೇಲಿಡದೆ ಕೈಯಲ್ಲೇ ಹಿಡಿದುಕೊಂಡು ಬಂದು ಮಂಚದ ಪಕ್ಕ ನಿಂತರು.

“ಏಳೇ. ಇವತ್ತು ನೀರು ಬರೀ ನೀರು ಕಣೇ.”

“ಹಾಗಂದ್ರೆ?”

“ಮೂಗಿಗೆ ಏನೂ ಸಿಕ್ತಿಲ್ಲ. ನಲವತ್ತು ವರ್ಷ ಮೂಸಿದೀನಿ. ಇದರಲ್ಲಿ ಮದ್ದಿಲ್ಲ.”

ನೆಗಡಿ ಇರಬೇಕು ಅಂದುಕೊಂಡೇ ಎದ್ದರು ಇವರು. ಆದರೂ ಬೀರುವಿನಲ್ಲಿದ್ದ ಪರೀಕ್ಷೆಯ ಡಬ್ಬಿ ತೆಗೆದರು. ಗಾಜಿನ ನಳಿಗೆಗೆ ನೀರು ತುಂಬಿ ಒಂದು ಮಾತ್ರೆ ಹಾಕಿ ಅಲ್ಲಾಡಿಸಿದರೆ ಕ್ಲೋರಿನ್ ಇರುವ ನೀರು ನಿಮಿಷದೊಳಗೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅಲ್ಲಾಡಿಸಿದರು. ಕಿಟಕಿಯ ಬೆಳಕಿಗೆ ಹಿಡಿದರು. ನೀರು ತಿಳಿಯಾಗಿಯೇ ಇತ್ತು. ಇನ್ನೊಂದು ನಳಿಗೆ, ಇನ್ನೊಂದು ಮಾತ್ರೆ. ಅದೂ ತಿಳಿ.

ಘಟಕಕ್ಕೆ ಫೋನ್ ಮಾಡಿದಾಗ ಎತ್ತಿದವನು ಪಾಳಿಯ ಆಪರೇಟರ್. ಇವರಿಗಿಂತ ಹತ್ತು ವರ್ಷಕ್ಕೆ ಚಿಕ್ಕವನು, ಕೆಲಸದಲ್ಲಿ ಚುರುಕು.

“ಅಂಕಿ ಎಷ್ಟಪ್ಪಾ ಇದೆ?”

“0.91 ಅಕ್ಕ. ಬಂಗಾರದಂಥ ಅಂಕಿ. ಅಲುಗಾಡ್ತಾನೇ ಇಲ್ಲ.”

“ಯಾವಾಗಿಂದ ಅಲುಗಾಡ್ತಿಲ್ಲ?”

ಆ ಕಡೆ ಲಾಗ್ ಪುಸ್ತಕದ ಹಾಳೆ ಮಗುಚುವ ಸದ್ದು.

“ಕೇಳ್ತಿದೀನಿ, ಯಾವಾಗಿಂದ?”

“ನೀವು ಹೋದಾಗಿಂದ ಇರಬೇಕು ಅಕ್ಕ.”

ನೀರಿನ ಅಂಕಿ ಹಾಗೆ ನಿಲ್ಲುವುದಿಲ್ಲ. 0.91 ಇದ್ದದ್ದು ಮರುಕ್ಷಣ 0.89, ಮತ್ತೆ 0.92. ಅದು ಸದಾ ಉಸಿರಾಡುತ್ತಿರುತ್ತದೆ. ಅಲುಗಾಡದ ಅಂಕಿ ಅಂದರೆ ಪರದೆ ಹಳೆಯದನ್ನೇ ಹಿಡಿದು ನಿಂತಿದೆ ಎಂದರ್ಥ. ಅಡಾಪ್ಟರ್ ಮತ್ತು ಹೊಸ ಸಿಸ್ಟಮ್ ನಡುವೆ ಮಾತು ಕಡಿದುಹೋಗಿತ್ತು. ಬೀಪ್ ಇಲ್ಲ, ಎಚ್ಚರಿಕೆಯ ಸಾಲು ಇಲ್ಲ. ಸಿಲಿಂಡರ್ ಖಾಲಿಯಾಗಿತ್ತು, ಇನ್ನೊಂದಕ್ಕೆ ಬದಲಾಯಿಸು ಎಂಬ ಅಪ್ಪಣೆ ಕವಾಟಕ್ಕೆ ತಲುಪಿರಲಿಲ್ಲ. ಮನೆಯ ನಲ್ಲಿಗೆ ನೀರು ಬರಲು ಎರಡೂವರೆ ಗಂಟೆ ಬೇಕು. ಅಂದರೆ ಅಷ್ಟು ಹೊತ್ತಿನಿಂದ ಮದ್ದಿಲ್ಲದ ನೀರು ಊರಿನೊಳಗೆ ಹರಿಯುತ್ತಿತ್ತು.

“ಊರಿನ ಮುಖ್ಯ ಕವಾಟ ಮುಚ್ಚು” ಎಂದರು ಇವರು.

“ಎಂಜಿನಿಯರ್ ಸಾಹೇಬರ ಆರ್ಡರ್ ಬೇಕಲ್ಲಕ್ಕ. ಊರಿಗೇ ನೀರು ನಿಂತುಹೋಗುತ್ತೆ.”

“ಲಾಗ್ ಪುಸ್ತಕದಲ್ಲಿ ನನ್ನ ಹೆಸರು ಬರಿ. ನಾನು ಹೇಳ್ದೆ ಅಂತ ಬರಿ. ಮೊದಲು ಮುಚ್ಚು, ಆಮೇಲೆ ಬರಿ.”

ಗಂಡನ ಸ್ಕೂಟರಿನ ಹಿಂದೆ ಕೂತು ಹೋದ ಆ ಹದಿನೈದು ನಿಮಿಷವನ್ನು ಹೇಳುವಾಗ ಇವರು ಸೆರಗಿನ ತುದಿಯನ್ನು ಸುತ್ತುತ್ತಾ ಬಿಚ್ಚುತ್ತಾ ಇರುತ್ತಾರೆ. ದಾರಿಯುದ್ದಕ್ಕೂ ಭಾನುವಾರದ ಸಂಜೆ. ಮನೆಮುಂದೆ ಒಬ್ಬರು ಕೊಡ ತುಂಬಿಸುತ್ತಿದ್ದರು. ಆಟದ ಮೈದಾನದ ನಲ್ಲಿಗೆ ಮಕ್ಕಳು ಬಾಯಿ ಕೊಟ್ಟು ಕುಡಿಯುತ್ತಿದ್ದರು. “ಸ್ಕೂಟರ್ ನಿಲ್ಸಿ ಅಂದೆ. ಇಳಿದು, ಕುಡೀಬೇಡ್ರೋ ಅಂತ ಕೂಗಿದೆ. ಯಾರೋ ಹುಚ್ಚಿ ಅಂದುಕೊಂಡು ನಕ್ಕರು. ಎಷ್ಟು ಕಡೆ ಇಳಿಯೋದು? ಹತ್ತಿದೆ ಮತ್ತೆ.”

ಎಂಜಿನಿಯರ್ ಘಟಕಕ್ಕೆ ಬಂದಾಗ ಮುಖ ಕೆಂಪಾಗಿತ್ತು. “ಯಾರನ್ನ ಕೇಳಿ ಮುಚ್ಚಿಸಿದ್ರಿ?”

“ಕೇಳ್ಕೊಂಡು ಕೂರೋಕೆ ಹೊತ್ತಿರಲಿಲ್ಲ ಸರ್” ಎಂದು ಇವರು ನಳಿಗೆಯನ್ನು ಮುಂದೆ ಹಿಡಿದರು. ಘಟಕದ ತೊಟ್ಟಿಯಿಂದಲೇ ತೆಗೆದ ನೀರು. ಮಾತ್ರೆ ಕರಗಿತ್ತು, ಬಣ್ಣ ಬಂದಿರಲಿಲ್ಲ. ಎಂಜಿನಿಯರ್ ಅದನ್ನು ತೆಗೆದುಕೊಂಡು ದೀಪಕ್ಕೆ ಹಿಡಿದು ನೋಡಿದರು. ಆಮೇಲೆ ಫೋನ್ ತೆಗೆದು, ಧ್ವನಿವರ್ಧಕದ ಗಾಡಿಗಳನ್ನು ಬೀದಿಬೀದಿಗೆ ಬಿಡಿ, ನೀರು ಕುದಿಸದೆ ಯಾರೂ ಕುಡಿಯಬಾರದೆಂದು ಸಾರಿಸಿ ಎಂದರು.

ಇನ್ನು ಉಳಿದದ್ದು ಹಳೆಯ ಪೆಟ್ಟಿಗೆ. ಅದನ್ನು ಮತ್ತೆ ಜೋಡಿಸಬೇಕು. ಹಿತ್ತಾಳೆಯ ಕೊಂಡಿ ಹಾಕಿದ ಮೇಲೆ ಆ ಕಾರ್ಡನ್ನು ಜಾಗ ಬಿಡಿಸಿದ್ದು ಆ ಬೆಳಿಗ್ಗೆಯೇ ಮೊದಲು. ವಾಪಸ್ ಕೂರಿಸಿ ಗುಂಡಿ ಒತ್ತಿದರು. ಮೂರು ಬೀಪ್. ಕೊಠಡಿಯಲ್ಲಿ ಆರು ಜನ ನಿಂತಿದ್ದರು. ಕಾರ್ಡ್ ಹೊರತೆಗೆದು, ಅದರ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಬಾಯಲ್ಲಿ ಊದಿ, ಹಿತ್ತಾಳೆಯ ಕೊಂಡಿ ಹಾಕಿ ಒತ್ತಿದರು. ಒಂದು ಬೀಪ್. ಸಂಜೆ ಏಳಕ್ಕೆ ಹತ್ತು ನಿಮಿಷವಿದ್ದಾಗ ಪರದೆಯ ಮೇಲೆ ಅಂಕಿ ಮತ್ತೆ ಅಲುಗಾಡಿತು. ಸಿಸ್ಟಮ್ ಅಧಿಕಾರಿ ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟರು.

* * *

ನೀರು ಸರಿಹೋಯಿತು, ಭಯ ಹೋಗಲಿಲ್ಲ. ಕುಡಿದಾಗಿದ್ದ ನೀರನ್ನು ವಾಪಸ್ ಕರೆಯುವಂತಿಲ್ಲವಲ್ಲ. ಯಾರಿಗೇನಾಗುತ್ತದೆ ಎಂದು ತಿಳಿಯಲು ಕಾಯಬೇಕು. ಆರೋಗ್ಯ ನಿರೀಕ್ಷಕಿಗೆ ಇವರು ದಿನಕ್ಕೆರಡು ಸಲ ಫೋನ್ ಮಾಡಿ ಆಸ್ಪತ್ರೆಯ ಲೆಕ್ಕ ಕೇಳುತ್ತಿದ್ದರು. ಎರಡನೆಯ ದಿನದ ತನಕ ವಾಂತಿಭೇದಿಯೆಂದು ಬಂದವರು ಒಟ್ಟು ಮೂವರು. ನಾಲ್ಕನೆಯ ದಿನ ಹನ್ನೊಂದು. ಆರನೆಯ ದಿನ ಇಪ್ಪತ್ತೊಂಬತ್ತು. ಅವತ್ತು ಇವರು ಅನ್ನದ ತಟ್ಟೆಯನ್ನು ಹಾಗೇ ಸರಿಸಿ ಎದ್ದು ಆಸ್ಪತ್ರೆಗೆ ಹೋದರು.

ಮಕ್ಕಳ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತರು. ಒಳಗೆ ನಾಲ್ಕು ವರ್ಷದ ಹುಡುಗಿಯೊಬ್ಬಳಿಗೆ ಡ್ರಿಪ್ ಹಾಕಿದ್ದರು. ಅವಳ ತಾಯಿ ಹೊರಗೆ ಬಂದು ಪಕ್ಕದಲ್ಲೇ ಕೂತು ಕೇಳಿದಳು, “ನಿಮ್ಮದೂ ಮಗು ಇದೆಯಾ ಒಳಗೆ?”

“ಇಲ್ಲಮ್ಮ. ನಾನು ನೀರಿನ ಘಟಕದವಳು.”

ಬೈಗುಳ ಬರುತ್ತದೆಂದು ಇವರು ತಲೆ ತಗ್ಗಿಸಿದ್ದರು. ಆ ತಾಯಿ ಕೇಳಿದ್ದು ಬೇರೆಯೇ.

“ಈಗ ಸರಿ ಇದೆಯಾ ನೀರು?”

“ಸರಿ ಇದೆ.”

“ನೀವು ಕುಡೀತಿದೀರಾ?”

“ಕುಡೀತಿದೀನಿ.”

“ಸುಳ್ಳು ಹೇಳ್ಬೇಡಿ ಅಕ್ಕ. ನಾಳೆ ಇವಳನ್ನ ಮನೆಗೆ ಕರ್ಕೊಂಡು ಹೋಗ್ತೀನಿ. ಅದೇ ನೀರು ಕೊಡಬೇಕು ನಾನು.”

ಇವರು ಎದ್ದು, ವರಾಂಡದ ಮೂಲೆಯ ನಲ್ಲಿಗೆ ಹೋಗಿ, ಬೊಗಸೆಯೊಡ್ಡಿ ಕುಡಿದು ಬಂದು ಕೂತರು. ಹುಡುಗಿ ಮರುದಿನ ಮನೆಗೆ ಹೋದಳು.

ಏಳನೆಯ ದಿನ ಮೂವತ್ತೊಂದು. ಎಂಟನೆಯ ದಿನವೂ ಮೂವತ್ತೊಂದು. ಒಂಬತ್ತನೆಯ ದಿನವೂ ಅಷ್ಟೇ ಇದ್ದಾಗ ನಿರೀಕ್ಷಕಿ, “ಇನ್ನು ಫೋನ್ ಮಾಡಬೇಡಿ, ಮುಗೀತು” ಎಂದರು. ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಅವರೆಲ್ಲ ಆ ನೀರಿನಿಂದಲೇ ಮಲಗಿದರೆಂದು ಖಚಿತವಾಗಿ ಹೇಳಲಾಗದು ಎಂದು ವರದಿ ಬಂತು. ಮಂಗಳವಾರದಕ್ಕ ಆ ವರದಿಯನ್ನು ಎರಡು ಸಲ ಓದಿದ್ದಾರೆ. “ಅಲ್ಲ ಅಂತಾನೂ ಬರೆದಿಲ್ಲ ಅವರು” ಎನ್ನುತ್ತಾರೆ.

ಅನುಮತಿಯಿಲ್ಲದೆ ಊರಿನ ನೀರು ನಿಲ್ಲಿಸಿದ್ದಕ್ಕೆ ವಿವರಣೆ ಕೇಳಿ ಇವರಿಗೆ ನೋಟಿಸ್ ಬಂತು. ಎರಡು ಸಾಲಿನ ಉತ್ತರ ಕೊಟ್ಟರು. ಮುಂದೆ ಯಾರೂ ಆ ಮಾತೆತ್ತಲಿಲ್ಲ. ಆಪರೇಟರನನ್ನು ವರ್ಗ ಮಾಡುವ ಮಾತಿತ್ತು. ಬೇಡವೆಂದು ಕೇಳಿಕೊಂಡವರು ಇವರೇ. “ಕೈಯಲ್ಲಿ ಪರೀಕ್ಷೆ ಮಾಡಬೇಕಿತ್ತು. ಪರದೆ ನೋಡಿ ಬರೆದುಬಿಟ್ಟೆ” ಎಂದು ಅವನು ವಿಚಾರಣೆಯಲ್ಲಿ ತಾನಾಗಿ ಒಪ್ಪಿಕೊಂಡಿದ್ದ. ಈಗ ಗಂಟೆಗೊಮ್ಮೆ ತಾನೇ ನಳಿಗೆ ಅಲ್ಲಾಡಿಸುತ್ತಾನೆ. ಪರದೆಯ ಅಂಕಿಗೆ ನಳಿಗೆಯ ಬಣ್ಣ ಹೊಂದದಿದ್ದರೆ ಯಾರನ್ನೂ ಕೇಳದೆ ಮುಖ್ಯ ಕವಾಟ ಮುಚ್ಚಬಹುದು ಎಂಬ ಲಿಖಿತ ಆದೇಶ ಗೋಡೆಯ ಮೇಲಿದೆ. ಕೆಳಗೆ ಎಂಜಿನಿಯರ್ ಸಹಿ.

* * *

ಈಗ ಪೆಟ್ಟಿಗೆಗೆ ಹೊರಜಗತ್ತಿನ ಸಂಪರ್ಕವಿಲ್ಲ. ನೆಟ್‌ವರ್ಕ್ ಕೇಬಲ್ ಕಿತ್ತು, ಅದರ ಕಿಂಡಿಗೆ ಅರಗು ತುಂಬಿದ್ದಾರೆ. ದಿನದ ಅಂಕಿಗಳು ಕಾಗದದ ಮೇಲೆ ಬರೆಯಲ್ಪಟ್ಟು ಕೇಂದ್ರ ಕಚೇರಿಗೆ ಹೋಗುತ್ತವೆ. ಸಿಸ್ಟಮ್ ಅಧಿಕಾರಿಯೇ ಓಡಾಡಿ, ಕಂಪ್ಯೂಟರನ್ನು ನೆಚ್ಚಿಕೊಳ್ಳದೆ ತಾನೇ ಕವಾಟ ನಡೆಸುವ ಹೊಸ ನಿಯಂತ್ರಣ ಪೆಟ್ಟಿಗೆಗೆ ಮಂಜೂರಾತಿ ತಂದಿದ್ದಾರೆ. ಬರಲು ಹದಿನೆಂಟು ತಿಂಗಳು ಅಂದಿದ್ದರು. ಏಳು ಕಳೆದಿವೆ.

ಇನ್ನು ಹನ್ನೊಂದು ತಿಂಗಳು ಹಳೆಯದು ತಡೆಯಬೇಕು. ಮಂಗಳವಾರದಕ್ಕನ ಭಯಕ್ಕೆ ಈಗ ಅಳತೆ ಸಿಕ್ಕಿದೆ. ಬಿಡಿ ಕಾರ್ಡುಗಳು ಎರಡಿದ್ದವು, ಒಂದು ಪರೀಕ್ಷೆಯ ಮೇಜಿನ ಮೇಲಿದ್ದಾಗ ಸಿಡಿಲಿಗೆ ಸುಟ್ಟುಹೋಯಿತು. ಬಿಡಿ ಮದರ್‌ಬೋರ್ಡು ಒಂದಿದೆ, ಮುಚ್ಚಿಹೋದ ಮುದ್ರಣಾಲಯವೊಂದರ ಗುಜರಿಯಲ್ಲಿ ಸಿಕ್ಕಿದ್ದು. ಈಗ ಓಡುತ್ತಿರುವ ಬೋರ್ಡಿನಲ್ಲಿ ಮತ್ತೆ ಎರಡು ಕೆಪಾಸಿಟರ್‌ಗಳ ತಲೆ ಉಬ್ಬುತ್ತಿದೆ. ಬೆಳಿಗ್ಗೆ ಬಂದ ಕೂಡಲೇ ಟಾರ್ಚ್ ಬಿಟ್ಟು ನೋಡುತ್ತಾರೆ, ನಿನ್ನೆಗಿಂತ ಹೆಚ್ಚು ಉಬ್ಬಿದೆಯೋ ಇಲ್ಲವೋ ಎಂದು. ರಜೆಯ ದಿನ ಗಂಡ ಹೆಂಡತಿ ಇಬ್ಬರೂ ಗುಜರಿ ಅಂಗಡಿಗಳನ್ನು ಸುತ್ತುತ್ತಾರೆ. “ಬೇರೆ ದಂಪತಿಗಳು ಪಾರ್ಕಿಗೆ ಹೋಗ್ತಾರೆ. ನಮ್ಮದು ಇದೇ ಪಾರ್ಕು” ಎಂದು ಗಂಡ ನಗುತ್ತಾರೆ. ನಕ್ಕರೂ, ತುಕ್ಕು ಹಿಡಿದ ಪೆಟ್ಟಿಗೆಗಳ ರಾಶಿಯಲ್ಲಿ ಬಗ್ಗಿ ಕೂತು ಒಂದೊಂದೇ ತಿರುಗಿಸಿ ನೋಡುವವರು ಅವರೇ.

ಅಷ್ಟರಲ್ಲಿ ಮೊನ್ನೆ ಮತ್ತೊಂದು ಸುದ್ದಿ ಬಂದಿದೆ. ಆ ಹೊಸ ಆಪರೇಟಿಂಗ್ ಸಿಸ್ಟಮ್‌ಗೂ ಒಂದು ಹೊಸದು ಬರುತ್ತಿದೆಯಂತೆ. ಅದಕ್ಕೆ ಎಂಟು ಜಿಬಿ ಬೇಕಂತೆ. ಬಸ್ಸಿನಲ್ಲಿ ಓದಿದ ಮಂಗಳವಾರದಕ್ಕ ಫೋನನ್ನು ಚೀಲದೊಳಗೆ ಹಾಕಿ ಕಿಟಕಿಯಾಚೆ ನೋಡುತ್ತಾ ಕೂತರಂತೆ.

ಬೆಳಗು ಹರಿದಿದೆ. ತೊಟ್ಟಿಗಳ ಮೇಲೆ ಬಿಸಿಲು ಬಿದ್ದಿದೆ. ಪಂಪುಗಳ ಸದ್ದು ಏರಿದೆ, ಅಂದರೆ ಊರು ಎದ್ದಿದೆ, ನಲ್ಲಿಗಳು ತೆರೆದಿವೆ. ಹೊಸ ಪೆಟ್ಟಿಗೆ ಬಂದು ಎಲ್ಲ ಸರಿಯಾಗಿ ನಡೆಯತೊಡಗಿದರೆ ಏನು ಮಾಡುವ ಆಸೆ ಎಂದು ಕೇಳಿದರೆ ಇವರು ನೋಟ್‌ಬುಕ್ಕು ಮುಚ್ಚಿ ಪಕ್ಕಕ್ಕಿಡುತ್ತಾರೆ. ಪ್ರವಾಸ, ರಜೆ, ಬಡ್ತಿ ಯಾವುದೂ ಬಾಯಿಗೆ ಬರುವುದಿಲ್ಲ.

“ನಾಲ್ಕು ಜನ ಕೂತು ಹರಟೆ ಹೊಡೀತಿರಬೇಕು. ಯಾರೋ ಒಂದು ಲೋಟ ನೀರು ತಂದು ಕೈಗೆ ಕೊಡಬೇಕು. ನಾನು ಅದನ್ನ ಬೆಳಕಿಗೆ ಹಿಡೀದೆ, ನೋಡದೆ, ಮಾತಿನ ಮಧ್ಯೆ ಸುಮ್ಮನೆ ಕುಡಿದುಬಿಡಬೇಕು. ಕುಡಿದೆ ಅನ್ನೋದೇ ನನಗೆ ಗೊತ್ತಾಗಬಾರದು.”